ಬೆಳ್ಳಿ ಯಾವುದು, ಬರೀ ಬಿಳಿ ಯಾವುದು: ಮನೆಯ ಹಳೇ ನಾಣ್ಯಗಳನ್ನು ಗುರುತಿಸುವ ಬಗೆ

ಅಮೆರಿಕದವರು ಅಂಗಡಿಯಲ್ಲಿ ಕೊಟ್ಟ ಚಿಲ್ಲರೆಯನ್ನು ಮೇಜಿನ ಮೇಲೆ ಸುರಿದುಕೊಂಡು ಬೆಳ್ಳಿ ನಾಣ್ಯ ಹುಡುಕುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಅಲ್ಲಿ 1964 ಮತ್ತು ಅದಕ್ಕೂ ಹಿಂದಿನ ಡೈಮ್ (10 ಸೆಂಟ್), ಕ್ವಾರ್ಟರ್ (25 ಸೆಂಟ್) ನಾಣ್ಯಗಳಲ್ಲಿ 90% ಬೆಳ್ಳಿ ಇದೆ. ಅವು ಇವತ್ತಿಗೂ ನಡೆಯುವ ದುಡ್ಡೇ. ಹಾಗಾಗಿ ಎಲ್ಲೋ ಒಂದೊಂದು ಕೈಗೆ ಬರುತ್ತದೆ.

ನಮ್ಮಲ್ಲಿ ಹಾಗಿಲ್ಲ. ಬೆಳ್ಳಿ ಜಾಸ್ತಿ ಇದ್ದ ಬ್ರಿಟಿಷ್ ಕಾಲದ ರೂಪಾಯಿಗಳನ್ನು 1940ರ ದಶಕದ ಮೊದಲ ವರ್ಷಗಳಲ್ಲೇ ಸರ್ಕಾರ ಒಂದೊಂದಾಗಿ ವಾಪಸ್ ತೆಗೆದುಕೊಂಡಿತು. ಈಗ ಜೇಬಲ್ಲಿ ಕುಣಿಯುವ ಒಂದು, ಎರಡು ರೂಪಾಯಿ ಬರೀ ಸ್ಟೀಲು. ಆದ್ದರಿಂದ ಜೇಬು ತಡಕಬೇಡಿ. ದೇವರ ಗೂಡು ತಡಕಿ. ಲಕ್ಷ್ಮಿ ಪೂಜೆಯ ಡಬ್ಬಿ, ಅಜ್ಜಿಯ ಟ್ರಂಕಿನ ತಳದ ಗಂಟು, ತೊಟ್ಟಿಲಿಗೆ ಕಟ್ಟಿದ್ದ ಬಿಲ್ಲೆ, ಬೆಳ್ಳಿ ಇರುವುದು ಅಲ್ಲಿ.

ನನಗೆ ಈ ಹುಚ್ಚು ಹತ್ತಿದ್ದು ನಮ್ಮ ದೊಡ್ಡಮ್ಮನ ಹಿತ್ತಾಳೆ ಗಿಂಡಿಯಿಂದ. ಒಂದು ದೀಪಾವಳಿಗೆ ಅದನ್ನು ಚಾಪೆಯ ಮೇಲೆ ಬಗ್ಗಿಸಿ, "ನೋಡಪ್ಪಾ, ಎಲ್ಲಾ ಬೆಳ್ಳೀದೇ, ನಮ್ಮತ್ತೆ ಕೊಟ್ಟಿದ್ದು" ಅಂದರು. ಎಣಿಸಿದೆ, 43 ಇದ್ದವು. ಸಂಜೆಯ ಹೊತ್ತಿಗೆ ಅದರಲ್ಲಿ ಬೆಳ್ಳಿಯದು ಎಷ್ಟು ಅಂತ ಗೊತ್ತಾಯಿತು. ಆ ದಿನ ನಾನು ತಡವರಿಸುತ್ತಾ ಮಾಡಿದ್ದನ್ನೇ ಇಲ್ಲಿ ಸರಿಯಾದ ಕ್ರಮದಲ್ಲಿ ಹೇಳುತ್ತೇನೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಗಟ್ಟಿ ಅಯಸ್ಕಾಂತ (ಹಳೇ ಸ್ಪೀಕರಿನದಾದರೂ ಆದೀತು), ಒಂದು ಭೂತಗನ್ನಡಿ, ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ಸ್ವಲ್ಪ ಹೊಲಿಗೆ ದಾರ.

ಮೊದಲು ಆಕಾರ ನೋಡಿ, ಆಮೇಲೆ ಅಕ್ಷರ

ತಾಮ್ರದ ಕಾಸುಗಳನ್ನು ಬಣ್ಣದಿಂದಲೇ ಬೇರೆ ಮಾಡಬಹುದು. ನಡುವೆ ದೊಡ್ಡ ತೂತಿರುವ ಕಾಸು ಎರಡನೇ ಮಹಾಯುದ್ಧದ ಕಾಲದ್ದು. ಅದು ಕಂಚು. ಪಕ್ಕಕ್ಕಿಡಿ.

ಈಗ ಬೆಳ್ಳಗೆ, ಬೂದಿ ಬಣ್ಣಕ್ಕೆ ಇರುವವು ಉಳಿದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತಾರಲ್ಲ, ಆ ಮಾತು ಶುರುವಾಗುವುದು ಇಲ್ಲಿಂದ. ಬ್ರಿಟಿಷ್ ಸರ್ಕಾರದ ಬೆಳ್ಳಿ ನಾಣ್ಯಗಳೆಲ್ಲ ಗುಂಡಗಿವೆ. ಅಂಚು ಹೂವಿನ ಎಸಳಿನಂತೆ ಅಂಕುಡೊಂಕಾಗಿದ್ದರೆ ಅದು ಒಂದಾಣೆ. ಮೂಲೆ ಸವರಿದ ಚೌಕವಾಗಿದ್ದರೆ ಎರಡಾಣೆ. ಎರಡೂ ತಾಮ್ರ, ನಿಕ್ಕಲ್ ಬೆರೆಸಿದ ಲೋಹ. ಕೆಲವು ವರ್ಷ ಹಿತ್ತಾಳೆಯಂಥ ಹಳದಿ ಲೋಹದಲ್ಲೂ ಬಂದವು. ಬೆಳ್ಳಿಯ ಎರಡಾಣೆ ಇಲ್ಲ ಅಂತಲ್ಲ. 1917ರವರೆಗೆ ಇತ್ತು. ಆದರೆ ಅದು ಗುಂಡಗೆ, ಉಗುರಿನಷ್ಟು ಚಿಕ್ಕದು. 1918ರಿಂದ ಚೌಕದ್ದು ಬಂತು.

ಇನ್ನೊಂದು ಸುಲಭದ ಗುರುತು ಅಕ್ಷರ. ಆ ಒಂದಾಣೆ, ಎರಡಾಣೆಗಳ ಮೇಲೆ ನಾಲ್ಕು ಭಾರತೀಯ ಲಿಪಿಗಳಲ್ಲಿ ಬೆಲೆ ಬರೆದಿರುತ್ತದೆ: ನಾಗರಿ, ಬಂಗಾಳಿ, ಉರ್ದು, ತೆಲುಗು. ಆ ತೆಲುಗನ್ನು ಕನ್ನಡ ಅಂದುಕೊಂಡು "ಬ್ರಿಟಿಷರು ಕನ್ನಡದಲ್ಲೂ ನಾಣ್ಯ ಹೊಡೆಸಿದ್ದರು" ಅಂತ ಹೆಮ್ಮೆಪಡುವವರನ್ನು ನಾನು ಬಹಳ ನೋಡಿದ್ದೇನೆ. ಕಣ್ಣಿಟ್ಟು ನೋಡಿ, ಅದು ತೆಲುಗು. ಆದರೆ ನಮ್ಮ ಕೆಲಸಕ್ಕೆ ಬೇಕಾದ್ದು ಇಷ್ಟೇ. ಬ್ರಿಟಿಷ್ ಸರ್ಕಾರದ ಬೆಳ್ಳಿಯ ರೂಪಾಯಿ, ಎಂಟಾಣೆ, ನಾಲ್ಕಾಣೆಗಳ ಮೇಲೆ ಇಂಗ್ಲಿಷಿನ ಜೊತೆ ಪಾರಸಿ ಅಕ್ಷರ ಮಾತ್ರ ಇದ್ದೀತು. ನಾಲ್ಕು ಲಿಪಿ ಕಂಡರೆ ಅದು ಬೆಳ್ಳಿಯಲ್ಲ.

ದೊಡ್ಡಮ್ಮನ ಗಿಂಡಿಯಲ್ಲಿ ತಾಮ್ರದ್ದು 8, ನಾಲ್ಕು ಲಿಪಿಯವು 11. ಒಂದೇ ಏಟಿಗೆ 19 ಹೋದವು. ದೊಡ್ಡಮ್ಮನ ಮುಖ ಆಗಲೇ ಸ್ವಲ್ಪ ಚಿಕ್ಕದಾಗಿತ್ತು.

ಅಯಸ್ಕಾಂತ ಹಿಡಿಯಿರಿ

ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಿಕ್ಕಲ್ ಅಂಟುತ್ತದೆ. ನಮ್ಮ ದೇಶದ ಮಟ್ಟಿಗೆ ಇದು ದೊಡ್ಡ ಅನುಕೂಲ. ಯಾಕೆಂದರೆ ನಮ್ಮವರು ಬೆಳ್ಳಿ ಅಂತ ಎತ್ತಿಟ್ಟವುಗಳಲ್ಲಿ ಬಹುಪಾಲು ಶುದ್ಧ ನಿಕ್ಕಲ್‌ನವು. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ನಡೆಯುವ ಹುಲಿ ಇರುವ 1947ರ ರೂಪಾಯಿ ನಿಕ್ಕಲ್. 1946 ಮತ್ತು 1947ರ ಹುಲಿಯ ಎಂಟಾಣೆ, ನಾಲ್ಕಾಣೆಗಳೂ ಅಷ್ಟೇ. ಗಣರಾಜ್ಯವಾದ ಮೇಲೆ 1950ರಲ್ಲಿ ಬಂದ, ಮೂರು ಸಿಂಹ ಮತ್ತು ಜೋಳದ ತೆನೆಯಂತೆ ಕಾಣುವ ಗೋಧಿ ತೆನೆಯ ರೂಪಾಯಿಯೂ ನಿಕ್ಕಲ್ಲೇ. ನೋಡಲು ಥೇಟ್ ಬೆಳ್ಳಿ, ಕೈಗೆ ಭಾರ. ಅಯಸ್ಕಾಂತ ಮುಟ್ಟಿಸಿದರೆ ಟಪ್ ಅಂತ ಹಿಡಿದುಕೊಳ್ಳುತ್ತದೆ.

ಅಂಟಿದರೆ ಬೆಳ್ಳಿಯಲ್ಲ ಅನ್ನುವುದು ಖಂಡಿತ. ಆದರೆ ಅಂಟದಿದ್ದರೆ ಬೆಳ್ಳಿ ಅಂತ ಹೇಳುವ ಹಾಗಿಲ್ಲ. ತಾಮ್ರ, ಸೀಸ, ಹಿತ್ತಾಳೆ, ಜರ್ಮನ್ ಸಿಲ್ವರ್ ಯಾವುದೂ ಅಂಟುವುದಿಲ್ಲ. ಅಂದಹಾಗೆ ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕ್ಕಲ್, ಸತು ಬೆರೆಸಿದ್ದು.

ಅಯಸ್ಕಾಂತಕ್ಕೆ 11 ಹೋದವು. 13 ಉಳಿದವು.

ಯಾರ ಮುಖ, ಯಾವ ಇಸವಿ

ಕೆಲಸದ ರಸವೆಲ್ಲ ಇರುವುದು ಇಲ್ಲೇ, ನಿಧಾನವಾಗಿ ನೋಡೋಣ. ಮೊದಲು ಮೂರು ಸಿಂಹ ಇರುವುದನ್ನೆಲ್ಲ ಒಂದು ಕಡೆ ಮಾಡಿ. ಸ್ವತಂತ್ರ ಭಾರತ ಚಲಾವಣೆಗೆ ಬಿಟ್ಟ ರೂಪಾಯಿ, ಅರ್ಧ ರೂಪಾಯಿ, ಪೈಸೆಗಳಲ್ಲಿ ಬೆಳ್ಳಿ ಇಲ್ಲ. ಇದಕ್ಕೆ ಹೊರತು ಅಂದರೆ ನೆನಪಿನ ನಾಣ್ಯಗಳು, ಅದರಲ್ಲೂ ಹತ್ತು ರೂಪಾಯಿಯದು. ಗಾಂಧೀಜಿ ಶತಮಾನೋತ್ಸವಕ್ಕೆ 1969ರಲ್ಲಿ ಬಂದ ಹತ್ತು ರೂಪಾಯಿ 15 ಗ್ರಾಂ ತೂಗುತ್ತದೆ, 80% ಬೆಳ್ಳಿ. ಅಂದರೆ 12 ಗ್ರಾಂ ಅಪ್ಪಟ ಬೆಳ್ಳಿ, ವಿಕ್ಟೋರಿಯಾ ಮುಖದ ರಾಣಿ ರೂಪಾಯಿಗಿಂತ ಜಾಸ್ತಿ! ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ 1972ರಲ್ಲಿ ಬಂದ ಹತ್ತು ರೂಪಾಯಿ ಇನ್ನೂ ದೊಡ್ಡದು, 22.5 ಗ್ರಾಂ. ಆದರೆ ಬೆಳ್ಳಿ ಅರ್ಧಕ್ಕರ್ಧ.

ಗಾಂಧಿ ನಾಣ್ಯದಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಅದರ ಮೇಲೆ 1869-1948 ಅಂತ ಇರುತ್ತದೆ. ಅದು ಅವರು ಹುಟ್ಟಿದ, ತೀರಿಕೊಂಡ ವರ್ಷ. ಅದನ್ನೇ ನೋಡಿ "1869ರ ನಾಣ್ಯ" ಅಂತ ಮಾರಲು ಬರುವವರಿದ್ದಾರೆ. ಅದೇ ಚಿತ್ರದ ಒಂದು ರೂಪಾಯಿ ಮತ್ತು 50 ಪೈಸೆ ನಿಕ್ಕಲ್‌ನವು, 20 ಪೈಸೆ ಹಳದಿ ಲೋಹದ್ದು. ಕಮಲದ 20 ಪೈಸೆಯಲ್ಲಿ ಚಿನ್ನ ಇದೆ ಅಂತ ಹಿಂದೊಮ್ಮೆ ಊರೆಲ್ಲ ಹಬ್ಬಿತ್ತಲ್ವಾ? ಅದರಲ್ಲೂ ಚಿನ್ನ ಇಲ್ಲ.

ಈಗ ರಾಜರಾಣಿಯರ ಸರದಿ. ಐದೇ ಮುಖ ನೆನಪಿಟ್ಟುಕೊಂಡರೆ ಸಾಕು.

ಕಿರೀಟವಿಲ್ಲದ, ಗಡ್ಡವಿಲ್ಲದ, ಬಲಕ್ಕೆ ನೋಡುವ ಗಂಡಸು ನಾಲ್ಕನೇ ವಿಲಿಯಂ, ಇಸವಿ 1835. ಕಂಪನಿ ಆಳುತ್ತಿದ್ದ ಸೀಮೆಗೆಲ್ಲ ಒಂದೇ ಬಗೆಯ ರೂಪಾಯಿ ಬಂದ ವರ್ಷ ಅದು. ಹಿಂಭಾಗದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಂತ ಇಂಗ್ಲಿಷಿನಲ್ಲಿರುತ್ತದೆ.

ಕೂದಲು ಹಿಂದಕ್ಕೆ ಕಟ್ಟಿದ, ಕಿರೀಟವಿಲ್ಲದ ಎಳೇ ಮುಖದ ವಿಕ್ಟೋರಿಯಾ ಅಂದರೆ 1840. ಇದೂ ಕಂಪನಿಯದೇ. ಕಿರೀಟ ತೊಟ್ಟ ವಿಕ್ಟೋರಿಯಾ 1862ರಿಂದ ಶುರು. ಮೊದಮೊದಲು ಮುಖದ ಸುತ್ತ 'ಕ್ವೀನ್' ಅಂತ ಇದೆ, 1877ರಿಂದ 'ಎಂಪ್ರೆಸ್' ಆಯಿತು. 1862 ಅನ್ನುವ ಇಸವಿ ಕಂಡು ಹಿಗ್ಗಬೇಡಿ. ಅದೇ ಇಸವಿ ಇಟ್ಟುಕೊಂಡು ಮುಂದೆ ಹತ್ತಕ್ಕೂ ಹೆಚ್ಚು ವರ್ಷ ಟಂಕಸಾಲೆಯವರು ನಾಣ್ಯ ಹೊಡೆದರು. ಹಾಗಾಗಿ ಅದು ಹೇರಳವಾಗಿ ಸಿಗುತ್ತದೆ. ಹಳೇ ಇಸವಿ ಅಂದರೆ ಅಪರೂಪ ಅಂತೇನಿಲ್ಲ.

ಬೋಳುತಲೆ, ಗಡ್ಡ, ಕಿರೀಟ ಇಲ್ಲ: ಏಳನೇ ಎಡ್ವರ್ಡ್, 1903ರಿಂದ 1910. ಕಿರೀಟ ಮತ್ತು ಗಡ್ಡ ಎರಡೂ ಇದ್ದರೆ ಐದನೇ ಜಾರ್ಜ್, 1911ರಿಂದ 1936. ಈ ಜಾರ್ಜನ 1911ರ ರೂಪಾಯಿಯದು ತಮಾಷೆಯ ಕಥೆ. ರಾಜನ ನಿಲುವಂಗಿಯ ಮೇಲಿನ ಸರಪಳಿಯಲ್ಲಿ ಒಂದು ಪುಟ್ಟ ಆನೆ ಇದೆ. ಸೊಂಡಿಲು ಎಷ್ಟು ಗಿಡ್ಡ ಕೆತ್ತಿದ್ದರೆಂದರೆ ಜನ ಅದನ್ನು ಹಂದಿ ಅಂದರು. ಗಲಾಟೆಯಾಯಿತು. 1912ರಿಂದ ಆನೆಯನ್ನು ತಿದ್ದಿ ಹೊಡೆದರು. ನಿಮ್ಮ ಬಳಿ 1911ರದು ಇದ್ದರೆ ಭೂತಗನ್ನಡಿ ಹಿಡಿದು ಆ ಜಾಗ ನೋಡಿ. ಸಂಗ್ರಹಕಾರರು 'ಹಂದಿ ರೂಪಾಯಿ' ಅನ್ನುವುದು ಇದನ್ನೇ. ಬೆಲೆಯೂ ಜಾಸ್ತಿ.

ಕಿರೀಟ ಇದೆ, ಗಡ್ಡ ಇಲ್ಲ ಅಂದರೆ ಆರನೇ ಜಾರ್ಜ್. ಇಲ್ಲಿ ಮಾತ್ರ ಇಸವಿ ಬಹಳ ಮುಖ್ಯ. ವಿಲಿಯಂನಿಂದ ಹಿಡಿದು 1939ರವರೆಗಿನ ರೂಪಾಯಿಗಳಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು, ಅಂದರೆ 91.7% ಬೆಳ್ಳಿ. 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಬರೀ 50%. ಉಳಿದದ್ದು 40% ತಾಮ್ರ, 5% ನಿಕ್ಕಲ್, 5% ಸತು. ಯುದ್ಧ ನಡೆಯುತ್ತಿತ್ತು, ಜನ ಬೆಳ್ಳಿ ರೂಪಾಯಿಯನ್ನು ಮನೆಯಲ್ಲಿ ಬಚ್ಚಿಡತೊಡಗಿದ್ದರು. ಚಿಲ್ಲರೆಗೆ ತತ್ವಾರವಾಗಿ ಸರ್ಕಾರ 1940ರಲ್ಲಿ ಒಂದು ರೂಪಾಯಿ ನೋಟನ್ನೂ ಬಿಟ್ಟಿತು. ನಿಮ್ಮ ಮುತ್ತಜ್ಜಿ ಬಚ್ಚಿಟ್ಟ ಗಂಟು ಅದೇ ಕಾಲದ್ದಿರಬಹುದು.

ಈ ಅರ್ಧ ಬೆಳ್ಳಿಯ ರೂಪಾಯಿಯನ್ನು ಕಣ್ಣಲ್ಲೇ ಗುರುತಿಸುವ ಎರಡು ದಾರಿ ಇವೆ. ಒಂದು, ಅಂಚು. ಹಳೆಯವುಗಳ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೀರು ಮಾತ್ರ. 1940ರ ನಂತರದ ರೂಪಾಯಿಯಲ್ಲಿ ಆ ಗೀರುಗಳ ನಡುವೆ ಸುತ್ತಲೂ ಒಂದು ಕಾಲುವೆ ತೋಡಿ, ಅದರೊಳಗೆ ಸಣ್ಣ ನಕ್ಷೆ ಹೊಡೆದಿದ್ದಾರೆ. ಖೋಟಾ ಮಾಡುವವರಿಗೆ ಕಷ್ಟವಾಗಲಿ ಅಂತ. ಎರಡು, ಸವೆದ ಜಾಗದ ಬಣ್ಣ. ಕೆನ್ನೆ, ಕಿರೀಟದಂಥ ಉಬ್ಬಿದ ಕಡೆ ಹಳದಿ ಛಾಯೆ ಕಾಣುತ್ತಿದ್ದರೆ ಅದು ಒಳಗಿನ ತಾಮ್ರ ಇಣುಕುತ್ತಿರುವುದು. ಹಳೇ ರೂಪಾಯಿ ಎಷ್ಟು ಸವೆದರೂ ಬೂದು ಬಿಳುಪೇ. 1943ರಿಂದ 45ರ ಕೆಲವುದರಲ್ಲಿ ಇಂಗ್ಲಿಷಿನ ಪುಟಾಣಿ 'ಎಲ್' ಅಕ್ಷರ ಕಂಡರೆ ಅದು ಲಾಹೋರ್ ಟಂಕಸಾಲೆಯ ಗುರುತು.

ಸಂಸ್ಥಾನಗಳ ನಾಣ್ಯ ಬೇರೆಯೇ ಲೋಕ. ಕಲಬುರಗಿ, ಬೀದರ್, ರಾಯಚೂರು ಕಡೆಯ ಮನೆಗಳಲ್ಲಿ ಚಾರ್ಮಿನಾರ್ ಚಿತ್ರದ ನಿಜಾಮರ ರೂಪಾಯಿ ಸಿಗುತ್ತದೆ. ಇದು ಬ್ರಿಟಿಷ್ ರೂಪಾಯಿಗಿಂತ ಸ್ವಲ್ಪ ಹಗುರ, ಸುಮಾರು 11.2 ಗ್ರಾಂ. ಬೆಳ್ಳಿಯೂ ಕಡಿಮೆ, ಹೆಚ್ಚೆಂದರೆ 81.8%. ಕಾರವಾರ, ಬೆಳಗಾವಿ ಕಡೆ ಗೋವಾದ ಪೋರ್ಚುಗೀಸ್ ರುಪಿಯಾ ಸಿಕ್ಕಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ರೂಪಾಯಿಯ ಮೇಲೆ ಪಾರಸಿ ಬರಹವಿದೆ, ಮುಖ ಇಲ್ಲ. ಅಂಥದ್ದು ಸಿಕ್ಕರೆ ನೀವೇ ತೀರ್ಮಾನ ಮಾಡಬೇಡಿ, ಬಲ್ಲವರಿಗೆ ತೋರಿಸಿ.

ತೂಕ, ಆಮೇಲೆ ನೀರು

ಬ್ರಿಟಿಷ್ ರೂಪಾಯಿಯ ತೂಕ ಒಂದು ತೊಲ, 11.66 ಗ್ರಾಂ. ಹಿಂದೆ ರೂಪಾಯಿಯನ್ನೇ ತಕ್ಕಡಿಯ ಬಟ್ಟಾಗಿ ಇಟ್ಟು ತೂಗುತ್ತಿದ್ದದ್ದು ಇದಕ್ಕೇ. ಎಂಟಾಣೆ 5.83, ನಾಲ್ಕಾಣೆ 2.92, ಎರಡಾಣೆ 1.46 ಗ್ರಾಂ. ರೂಪಾಯಿಯ ಅಗಲ 30 ಮಿಲಿಮೀಟರ್‌ಗಿಂತ ತುಸು ಜಾಸ್ತಿ. ಸವೆತದಿಂದ ತೂಕ ಸ್ವಲ್ಪ ಇಳಿದಿರುತ್ತದೆ. 11.3 ಬಂದರೂ ಗಾಬರಿ ಬೇಡ. 10ಕ್ಕಿಂತ ಕಡಿಮೆ ಬಂದರೆ, ಅಥವಾ 11.66ಕ್ಕಿಂತ ಎದ್ದು ಕಾಣುವಷ್ಟು ಜಾಸ್ತಿ ಬಂದರೆ ಅನುಮಾನಪಡಿ.

ತೊಂದರೆ ಏನೆಂದರೆ ಅರ್ಧ ಬೆಳ್ಳಿಯ ರೂಪಾಯಿಯದೂ ಅದೇ 11.66 ಗ್ರಾಂ. ತೂಕ ಇಲ್ಲಿ ಕೈಕೊಡುತ್ತದೆ. ಆಗ ನೀರು ಬೇಕು.

ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು, ಸೊನ್ನೆ ಮಾಡಿ. ನಾಣ್ಯಕ್ಕೆ ದಾರ ಸುತ್ತಿ, ಮೆಲ್ಲಗೆ ನೀರಿಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ಆದರೆ ಲೋಟದ ತಳಕ್ಕಾಗಲೀ ಪಕ್ಕಕ್ಕಾಗಲೀ ತಾಗಬಾರದು. ಗಾಳಿಗುಳ್ಳೆ ಅಂಟಿದ್ದರೆ ಒಂದು ಸಲ ಅಲ್ಲಾಡಿಸಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಸವೆಯದ ಹಳೇ ರೂಪಾಯಿಯಾದರೆ 1.13 ಗ್ರಾಂ ಹತ್ತಿರ ಬರುತ್ತದೆ. ಅರ್ಧ ಬೆಳ್ಳಿಯದಾದರೆ 1.22. ತಾಮ್ರ-ನಿಕ್ಕಲ್ ಆದರೆ 1.31. ಸವೆದ ನಾಣ್ಯವಾದರೆ ಅದರ ಒಣ ತೂಕವನ್ನು ತಕ್ಕಡಿ ಈಗ ತೋರಿಸಿದ ಅಂಕಿಯಿಂದ ಭಾಗಿಸಿ. 10.3 ಆಸುಪಾಸು ಬಂದರೆ 91.7% ಬೆಳ್ಳಿ, 9.5 ಬಂದರೆ ಅರ್ಧ ಬೆಳ್ಳಿ, 8.9 ಬಂದರೆ ಬೆಳ್ಳಿಯ ಆಸೆ ಬಿಡಿ.

ನಾಲ್ಕಾಣೆಯನ್ನು ಹೀಗೆ ಒಂಟಿಯಾಗಿ ನೋಡಿದರೆ ಲೆಕ್ಕ ಹತ್ತುವುದಿಲ್ಲ, ಅಷ್ಟು ಚಿಕ್ಕದು. ಒಂದೇ ಬಗೆಯ ನಾಲ್ಕನ್ನು ಸೇರಿಸಿ ಕಟ್ಟಿ ಇಳಿಬಿಡಿ.

ಸದ್ದು ಕೇಳುವ ಪದ್ಧತಿಯೂ ಇದೆ. ಬೆರಳ ತುದಿಯಲ್ಲಿ ನಾಣ್ಯ ನಿಲ್ಲಿಸಿ, ಇನ್ನೊಂದು ನಾಣ್ಯದ ಅಂಚಿನಿಂದ ಮೆಲ್ಲಗೆ ತಟ್ಟಿ. ಬೆಳ್ಳಿ ಟಿಂಗ್ ಅಂತ ಎಳೆಯಾಗಿ, ಉದ್ದಕ್ಕೆ ಹಾಡುತ್ತದೆ. ಸೀಸ ಬೆರೆತದ್ದು ಟಕ್ ಅಂತ ನಿಂತುಬಿಡುತ್ತದೆ. ಆದರೆ ಸೀಳು ಬಿಟ್ಟ, ಕೊಂಡಿ ಬೆಸೆದ ಅಸಲಿ ನಾಣ್ಯವೂ ಮಂಕಾಗಿ ಕೇಳುತ್ತದೆ. ಇನ್ನು ನಾಣ್ಯದ ಮೇಲೆ ಐಸ್ ಇಟ್ಟು ಬೇಗ ಕರಗಿತೋ ನೋಡುವ ಪರೀಕ್ಷೆ ಮಕ್ಕಳಿಗೆ ತೋರಿಸಲು ಚೆನ್ನ. ತಾಮ್ರದ ಮೇಲೂ ಐಸ್ ಬೇಗ ಕರಗುತ್ತದೆ, ನಾನು ಅದನ್ನು ನಂಬುವುದಿಲ್ಲ.

ಖೋಟಾ ಮತ್ತು ಕಟ್ಟುಕಥೆ

ಗಿಂಡಿಯಲ್ಲಿ ಉಳಿದ 13ರಲ್ಲಿ ಮೂರು ಸಿಂಹದ ಈಚಿನ ರೂಪಾಯಿಗಳು 2. ಒಂದು, ರಾಮ, ಸೀತೆ, ಲಕ್ಷ್ಮಣ, ಹನುಮಂತ ಇರುವ, ಹಿಂದೆ ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧಾಣೆ ಅಂತ ಬರೆದ ಬಿಲ್ಲೆ. ಕಂಪನಿ ಅಂಥ ನಾಣ್ಯ ಹೊಡೆದೇ ಇಲ್ಲ. ಜಾತ್ರೆಯಲ್ಲಿ ಮಾರುವ ಪೂಜೆಯ ಬಿಲ್ಲೆ ಅದು. ಇದಕ್ಕೆ ಲಕ್ಷಗಟ್ಟಲೆ ಬೆಲೆ, ಅಕ್ಕಿ ಎಳೆಯುವ ಶಕ್ತಿ ಅಂತೆಲ್ಲ ಕಥೆ ಕಟ್ಟುವವರಿದ್ದಾರೆ. ದೇವರ ಗೂಡಿನಲ್ಲಿ ಇರಲಿ, ಪೇಟೆಗೆ ಒಯ್ಯಬೇಡಿ.

ಉಳಿದ ಹತ್ತರಲ್ಲಿ ಒಂದು ವಿಕ್ಟೋರಿಯಾ ರೂಪಾಯಿ ತೂಕದಲ್ಲಿ ಬಿದ್ದಿತು, 9.4 ಗ್ರಾಂ. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರಗಳು ಬೆಲ್ಲದ ಅಚ್ಚಿನಂತೆ ಮೊಂಡು, ಮೈಮೇಲೆ ಸೂಜಿಮೊನೆಯಂಥ ಗುಳಿ, ಅಂಚಿನಲ್ಲಿ ಎರಡು ಹೋಳು ಕೂಡಿಸಿದ ಗೆರೆ. ಎರಕ ಹೊಯ್ದದ್ದು. ಅಸಲಿಯನ್ನು ಠಸ್ಸೆ ಒತ್ತಿ ಹೊಡೆದಿರುತ್ತಾರೆ, ಅದರಲ್ಲಿ ಗೆರೆ ಚೂಪು. 1939ರ ಒಂದು ರೂಪಾಯಿ ಯಾರಾದರೂ ತೋರಿಸಿದರೆ ಇನ್ನೂ ಎಚ್ಚರ. ಅದು ವಿರಳ, ಅದಕ್ಕೇ ನಕಲಿ ಬಹಳ.

ತಿಕ್ಕಬೇಡಿ

ಇದನ್ನು ದೊಡ್ಡಮ್ಮನಿಗೆ ಒಪ್ಪಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಅವರು ಆಗಲೇ ವಿಭೂತಿ ಗಟ್ಟಿ, ಹುಣಸೆಹಣ್ಣು ತಂದು ಕೂತಿದ್ದರು. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಆ ಪದರ ಕೊಳೆಯಲ್ಲ, ನಾಣ್ಯದ ಮೈಯೇ. ತಿಕ್ಕಿದರೆ ಅದರ ಜೊತೆ ಕೆತ್ತನೆಯ ಮೊನೆಯೂ ಹೋಗುತ್ತದೆ, ಕೂದಲೆಳೆಯಂಥ ಗೀರು ಬೀಳುತ್ತವೆ. ಸಂಗ್ರಹಕಾರರು ತಿಕ್ಕಿದ ನಾಣ್ಯವನ್ನು ದೂರದಿಂದಲೇ ಗುರುತಿಸಿ ಬೆಲೆ ಇಳಿಸುತ್ತಾರೆ. ಟೂತ್‌ಪೇಸ್ಟ್, ಸೋಡಾ, ನಿಂಬೆಹಣ್ಣು ಯಾವುದೂ ಬೇಡ. ಮಣ್ಣು ಮೆತ್ತಿದ್ದರೆ ಶುದ್ಧ ನೀರಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲೂ ಗಂಧಕ ಇದೆ.

ಬೆಲೆ ಕೇಳುವ ಮುಂಚೆ

ಲೋಹದ ಲೆಕ್ಕ ಸುಲಭ. 91.7% ರೂಪಾಯಿಯಲ್ಲಿ 10.69 ಗ್ರಾಂ ಅಪ್ಪಟ ಬೆಳ್ಳಿ, ಅರ್ಧ ಬೆಳ್ಳಿಯದರಲ್ಲಿ 5.83. ಅವತ್ತಿನ ಬೆಳ್ಳಿ ದರದಿಂದ ಗುಣಿಸಿ. ಅಂಗಡಿಯವರು ಅದರಲ್ಲಿ ಒಂದಿಷ್ಟು ಮುರಿದುಕೊಳ್ಳುವುದು ಇದ್ದದ್ದೇ, ಆದರೆ ತೀರಾ ಕಡಿಮೆಗೆ ಕೇಳಿದವರಿಗೆ ಕೊಡುವ ಅಗತ್ಯ ಇಲ್ಲ. ತೂತು ಕೊರೆದ, ಕೊಂಡಿ ಬೆಸೆದ ಕಾಸಿನ ಸರದ ನಾಣ್ಯಕ್ಕೆ ಸಾಮಾನ್ಯವಾಗಿ ಲೋಹದ ಬೆಲೆಯಷ್ಟೇ. ಮೈ ಚೆನ್ನಾಗಿದ್ದು ಇಸವಿ ವಿರಳವಾದರೆ ಮಾತ್ರ ಅದಕ್ಕೂ ಮೇಲೆ ಸಿಗುತ್ತದೆ. ಕರಗಿಸಲು ಕೊಡುವ ಮುಂಚೆ ಒಬ್ಬ ಸಂಗ್ರಹಕಾರರಿಗೆ ತೋರಿಸಿ.

ಆನ್‌ಲೈನ್‌ನಲ್ಲಿ ಫೋಟೊ ಹಾಕಿದ ಮರುದಿನವೇ ನನಗೊಂದು ಫೋನ್ ಬಂತು. ನಾಣ್ಯಕ್ಕೆ ಹನ್ನೆರಡು ಲಕ್ಷ ಕೊಡುತ್ತಾರಂತೆ, ಮೊದಲು ನಾನು ನೋಂದಣಿ ಶುಲ್ಕ ಕಟ್ಟಬೇಕಂತೆ. ಕೊಳ್ಳುವವರು ಮಾರುವವರಿಂದ ದುಡ್ಡು ಕೇಳುವ ವ್ಯಾಪಾರ ಎಲ್ಲಾದರೂ ಉಂಟಾ? ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯಕ್ಕೆ ಕಮಿಷನ್ ಕೇಳುವವರನ್ನು ನಂಬಬೇಡಿ ಅಂತ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ.

ಕಾನೂನಿನದು ಎರಡೇ ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ವಿದೇಶಕ್ಕೆ ಒಯ್ಯುವಂತಿಲ್ಲ. ಹೊರದೇಶದಲ್ಲಿರುವ ಮಗನಿಗೆ ನೆನಪಿಗೆ ಅಂತ ಒಂದು ರಾಣಿ ರೂಪಾಯಿ ಸೂಟ್‌ಕೇಸಿಗೆ ಹಾಕುವ ಮುಂಚೆ ಯೋಚಿಸಿ. ಪಾಯ ಅಗೆಯುವಾಗ ಮಡಕೆಯಲ್ಲಿ ಸಿಕ್ಕರೆ ಅದು ನಿಧಿ, ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಗಿಂಡಿಯ 43ರಲ್ಲಿ ಕೊನೆಗೆ ಬೆಳ್ಳಿ ಅಂತ ನಿಂತದ್ದು 9. ಅದರಲ್ಲಿ 4 ಅರ್ಧ ಬೆಳ್ಳಿಯವು. ದೊಡ್ಡಮ್ಮ ಒಂಬತ್ತನ್ನೂ ಕೈಯಲ್ಲಿ ತೂಗಿ ನೋಡಿದರು. ಆಮೇಲೆ ಕಾಸು, ಹುಲಿ, ರಾಮನ ಬಿಲ್ಲೆ, ಎರಕದ ಖೋಟಾ ಎಲ್ಲವನ್ನೂ ಒಟ್ಟಿಗೆ ಬಳಿದು ಮತ್ತೆ ಗಿಂಡಿಗೇ ಹಾಕಿ ಮುಚ್ಚಿದರು.